ಒಗೆಯದ ಬಟ್ಟೆಯ ಕೌದಿ

ನಮ್ಮ ದೊಡ್ಡಮ್ಮ ಏನನ್ನು ಅಳೆದರೂ ದನದ ಲೆಕ್ಕದಲ್ಲೇ ಅಳೆಯುತ್ತಿದ್ದಳು. ಬಾಡಿಗೆ ಮನೆ ನೋಡಲು ಹೋದರೆ ಬಾಗಿಲಲ್ಲೇ ನಿಂತು, "ಇಲ್ಲಿ ಎರಡು ಹಸು ಕಟ್ಟಬಹುದು, ಮೂರನೇದಕ್ಕೆ ತಿರುಗೋಕೂ ಜಾಗ ಇಲ್ಲ" ಎನ್ನುತ್ತಿದ್ದಳು. ನನ್ನ ಗಂಡನಾಗುವವನು ಮೊದಲ ಸಲ ಮನೆಗೆ ಬಂದು ಹಲ್ಲು ಬಿಟ್ಟು ನಕ್ಕಾಗ, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಹಲ್ಲು ನೋಡಿದೆ, ಹೇಳಿದ್ದಕ್ಕಿಂತ ಮೂರು ವರ್ಷ ಜಾಸ್ತಿ ಆಗಿದೆ ಕಣೇ ಇವನಿಗೆ" ಎಂದು ಪಿಸುಗುಟ್ಟಿದ್ದಳು. ಮದುವೆಯಾದ ಮೇಲೆ ವಿಚಾರಿಸಿದೆ. ಸರಿಯಾಗಿ ಮೂರೇ ವರ್ಷ.

ಅವಳು ಅಪ್ಪನ ಅಣ್ಣನ ಹೆಂಡತಿ. ಐದನೇ ವಯಸ್ಸಿನಲ್ಲಿ ಅವಳ ಮನೆ ಸೇರಿದ ನಾನು ಹದಿನೇಳು ವರ್ಷ ಅಲ್ಲೇ ಉಂಡು ಬೆಳೆದೆ. ಹೋದ ವರ್ಷ ಅವಳು ತೀರಿಕೊಂಡಾಗ ಬಂದವರೆಲ್ಲ, "ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದಳು" ಎಂದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಿಗೆ ಬಂದದ್ದನ್ನು ಆಡಿ ಹೋಗುವವರಿಗೇನು, ನಾಲಿಗೆಗೆ ಎಲುಬಿಲ್ಲ. ಅದು ಅಷ್ಟು ಸಲೀಸಾಗಿ ನಡೆದ ಕೆಲಸವಾಗಿರಲಿಲ್ಲ. ಹೇಗೆ ಶುರುವಾಯಿತು ಎಂಬುದನ್ನಾದರೂ ನಾನು ಹೇಳಬೇಕು.

ದೊಡ್ಡಮ್ಮ ಹುಟ್ಟಿ ಬೆಳೆದದ್ದು ಸಾವಿರಾರು ದನಗಳಿದ್ದ ಒಂದು ಫಾರಮ್ಮಿನಲ್ಲಿ. ಕಣ್ಣು ಹಾಯುವವರೆಗೆ ಹುಲ್ಲುಗಾವಲು, ಅದರ ಸುತ್ತ ಮುಳ್ಳುತಂತಿ. ಮಾಲೀಕ ವರ್ಷಕ್ಕೆ ಎರಡು ಸಲ ಬಂದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನೋಡಿ ಹೋಗುತ್ತಿದ್ದ. ದನಗಳ ಉಸ್ತುವಾರಿಯೆಲ್ಲ ಅವಳ ಅಪ್ಪನದು. ಮಾತಿಗಿಂತ ಮುಂಚೆ ಹಗ್ಗ ಬೀಸುವ ಮನುಷ್ಯ. ಅವಳು ಹೊಲಿಗೆ ಕಲಿತದ್ದು ಅವನಿಂದಲೇ. ಹರಿದ ಗೋಣಿಚೀಲ, ಕುದುರೆಯ ಜೀನು, ಮುಳ್ಳುತಂತಿಗೆ ಸಿಕ್ಕಿ ಸೀಳಿದ ದನದ ಚರ್ಮ, ಎಲ್ಲಕ್ಕೂ ಒಂದೇ ದಬ್ಬಣ. "ಚೀಲಕ್ಕೆ ನೋವಾಗಲ್ಲ, ದನ ಒದೀತದೆ, ಅಷ್ಟೇ ವ್ಯತ್ಯಾಸ" ಎಂದು ಅಪ್ಪ ಹೇಳಿಕೊಟ್ಟಿದ್ದನಂತೆ.

ಮದುವೆಯಾಗಿ ಪಟ್ಟಣಕ್ಕೆ ಬಂದ ಮೇಲೆ ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಒಗೆಯುವ ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಹಾಸಿಗೆ ಬಟ್ಟೆಗಳನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದು, ತೇಪೆ ಹಾಕುವುದು. ತೇಪೆಗೂ ಬಾರದ ತುಂಡುಗಳನ್ನು ಮನೆಗೆ ತರಲು ಬಿಡುತ್ತಿದ್ದರು. ಅವೇ ಅವಳ ಕೌದಿಗಳ ಒಳಪದರ. ಸಂಜೆ ನಡುಮನೆಯ ನೆಲದ ಮೇಲೆ ಬಟ್ಟೆ ಹರಡಿ, ನಾಲ್ಕು ಮೂಲೆಗೂ ಅಡುಗೆಮನೆಯ ಗುಂಡುಕಲ್ಲು ಹೇರಿ, ಅಂಚಿನಿಂದ ಒಳಕ್ಕೆ ಸಾಲು ಹಿಡಿದು ಹೊಲಿಯುತ್ತಿದ್ದಳು. ಬೀದಿಯ ಅರ್ಧ ಮನೆಗಳಿಗೆ ಅವಳದೇ ಕೌದಿ. ಯಾರು ಹಳೆ ಬಟ್ಟೆ ತಂದುಕೊಟ್ಟರೂ ಮೊದಲು ಕುದಿಯುವ ನೀರಿಗೆ ಹಾಕಬೇಕು. "ನಿಮ್ಮ ಬೆವರನ್ನ ನಾನ್ಯಾಕೆ ಹೊಲೀಲಿ?" ಎಂದು ಮುಖದ ಮೇಲೆ ಹೊಡೆದಂತೆ ಕೇಳುತ್ತಿದ್ದಳು.

ಅವಳಿಗೊಬ್ಬಳು ಮಗಳಿದ್ದಳು. ಗುಬ್ಬಿ ಎಂದು ಕರೆಯುತ್ತಿದ್ದರು. ನನ್ನಷ್ಟೇ ವಯಸ್ಸು, ನನ್ನಷ್ಟೇ ಎತ್ತರ. ಒಂದು ಸೋಮವಾರ ಜ್ವರ ಬಂತು, ಗುರುವಾರ ಇರಲಿಲ್ಲ. ಅದಾಗಿ ನಾಲ್ಕು ತಿಂಗಳಿಗೆ ಹೆರಿಗೆಯಲ್ಲಿ ನನ್ನಮ್ಮ ಹೋದಳು, ಕೂಸೂ ಉಳಿಯಲಿಲ್ಲ. ಅಪ್ಪ ನನ್ನನ್ನೂ ಒಂದು ಚೀಲವನ್ನೂ ಅಣ್ಣನ ಮನೆಯಲ್ಲಿಟ್ಟು ದೂರದ ಕೆಲಸಕ್ಕೆ ಹೊರಟುಹೋದ. ಹಾಲಿನ ಲಾರಿ ಓಡಿಸುತ್ತಿದ್ದ ದೊಡ್ಡಪ್ಪ ತಲೆ ಸವರಿ, "ಇರ್ಲಿ ಬಿಡು" ಎಂದ. ದೊಡ್ಡಮ್ಮ ಚೀಲ ಎತ್ತಿ ಒಳಗಿಟ್ಟಳು. ತಟ್ಟೆಗೆ ಹಾಕುತ್ತಿದ್ದಳು, ತಲೆ ಬಾಚುತ್ತಿದ್ದಳು, ನನ್ನ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಅವಳು ಒಮ್ಮೆ ನನ್ನನ್ನು ನೋಡಬೇಕು, ಇವಳು ನಮ್ಮವಳು ಎನ್ನಬೇಕು.

ಅಜ್ಜಿ, ಅಂದರೆ ಅಪ್ಪನ ತಾಯಿ, ಇದಕ್ಕೊಂದು ಉಪಾಯ ಹೂಡಿದಳು. ಬೀರುವಿನಲ್ಲಿ ಮಡಚಿಟ್ಟಿದ್ದ ಗುಬ್ಬಿಯ ಬಟ್ಟೆಗಳನ್ನು ತೆಗೆದು ನನಗೆ ತೊಡಿಸಿದಳು. ಗುಬ್ಬಿಗೆ ಕಟ್ಟುತ್ತಿದ್ದ ಹಾಗೆಯೇ ಎರಡು ಜುಟ್ಟು ಕಟ್ಟಿದಳು. "ಓಡಿಹೋಗಿ ಅಮ್ಮಾ ಅನ್ನು" ಎಂದು ಕಿವಿಯಲ್ಲಿ ಹೇಳಿಕೊಟ್ಟಳು. ನಾನು ನಲ್ಲಿಯ ಹತ್ತಿರ ಬೆನ್ನು ಮಾಡಿಕೊಂಡು ಕೈ ತೊಳೆಯುತ್ತಿದ್ದೆ. ಕೆಲಸದಿಂದ ಬಂದ ದೊಡ್ಡಮ್ಮ ಬಾಗಿಲಲ್ಲಿ ನನ್ನನ್ನು ಕಂಡವಳೇ ಚೀಲ ಬಿಸಾಕಿ ಓಡಿ ಬಂದಳು. ನಾನು ತಿರುಗಿದೆ. "ಅಮ್ಮಾ" ಎಂದೆ.

ಅವಳು ಗೋಡೆ ಹಿಡಿದುಕೊಂಡು ನಿಂತುಬಿಟ್ಟಳು. ಮಾತಾಡಿದ್ದು ಅಜ್ಜಿಯ ಜೊತೆ.

"ಅತ್ತೆ, ನಮ್ಮ ಫಾರಮ್ಮಲ್ಲಿ ಹಸುವಿನ ಕರು ಸತ್ತರೆ ಏನು ಮಾಡ್ತಿದ್ರು ಗೊತ್ತಾ? ಸತ್ತ ಕರುವಿನ ತೊಗಲು ಸುಲಿದು ತಬ್ಬಲಿ ಕರುವಿನ ಮೈಗೆ ಕಟ್ಟಿ, ಆ ಹಸುವಿನ ಮುಂದೆ ಬಿಡ್ತಿದ್ರು. ಹಸು ಮೂಸಿ ನೋಡಿ ತನ್ನ ಕರುವೇ ಅಂದ್ಕೊಂಡು ಹಾಲು ಬಿಡ್ತಿತ್ತು. ನಾನೇ ಎಷ್ಟು ತೊಗಲು ಹೊಲಿದಿದೀನಿ. ಇವತ್ತು ನೀವು ನನಗೇ ಹೊಲಿದ್ರಲ್ಲ."

"ಮಗು ಬದುಕಬೇಕಲ್ಲಮ್ಮ" ಎಂದಳು ಅಜ್ಜಿ. ಅವಳ ತಪ್ಪೂ ಇರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಮಕ್ಕಳ ಮನೆಯೂ ಒಟ್ಟಿಗೇ ಮುರಿದುಬಿದ್ದಿತ್ತು, ಎರಡನ್ನೂ ಸೇರಿಸಿ ಒಂದು ಮನೆ ಮಾಡಲು ಹೊರಟಿದ್ದಳು ಮುದುಕಿ.

ದೊಡ್ಡಮ್ಮ ನನ್ನ ಮೈಮೇಲಿನ ಬಟ್ಟೆ ಬಿಚ್ಚಿಸಿದಳು. ಮರುದಿನ ನನ್ನ ಅಳತೆಗೆ ದಪ್ಪ ಬಟ್ಟೆಯ ಎರಡು ಅಂಗಿ ಹೊಲಿದುಕೊಟ್ಟಳು, ಒಂದರಲ್ಲಿ ಕೈ ಎತ್ತಲೂ ಆಗುತ್ತಿರಲಿಲ್ಲ. ನಾನು ತೊಟ್ಟಿದ್ದ ಗುಬ್ಬಿಯ ಬಟ್ಟೆಗಳನ್ನು ಯಾರಿಗೋ ಕೊಟ್ಟುಬಿಟ್ಟಳು. ಆಮೇಲೆ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದಳು. ಅದರಲ್ಲಿಯೂ ಚಿಕ್ಕ ಚಿಕ್ಕ ಬಟ್ಟೆಗಳಿದ್ದವು, ಮುದುರಿಕೊಂಡಿದ್ದವು. ಅವನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ ಕೌದಿ ಹೊಲಿಯಲು ಕೂತಳು.

ಎರಡು ತಿಂಗಳು ಹೊಲಿದಳು. ನಾನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಕೌದಿ ಇದ್ದದ್ದು ಚಿಕ್ಕದು, ಮಗು ಹೊದೆಯುವಷ್ಟು. ಆ ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ. ಇನ್ನು ಯಾರಿಗೆ ಹೊಲಿಯುತ್ತಾಳೆ ಎಂದು ಒಳಗೊಳಗೇ ಹಿಗ್ಗಿದೆ. ಮುಗಿದ ದಿನ ಅವಳು ಅದನ್ನು ಮಡಚಿ ತನ್ನ ದಿಂಬಿನ ಕೆಳಗಿಟ್ಟುಕೊಂಡಳು. ನನಗೆ ಅಳು ಒತ್ತರಿಸಿ ಬಂತು. ಅಂಗಿಯ ತೋಳು ಕಚ್ಚಿಕೊಂಡು ನುಂಗಿದೆ.

ಅವಳನ್ನು ಒಲಿಸಿಕೊಳ್ಳುವುದು ಹೇಗೆ ಎಂಬುದೇ ನನ್ನ ದಿನವಿಡೀ ಯೋಚನೆಯಾಯಿತು. ಅವಳಿಗೆ ಕೊಳೆ ಕಂಡರೆ ಆಗದು, ಇದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ನಿದ್ದೆಹೋದಾಗ ಆ ಕೌದಿಯ ಮಡಿಕೆ ಬಿಡಿಸಿ ನೋಡಿದೆ. ಕತ್ತಿನ ಪಟ್ಟಿಯ ತುಂಡುಗಳಲ್ಲಿ ಕಂದು ಗೆರೆ, ಒಂದು ಚೌಕದ ಮೇಲೆ ಯಾವುದೋ ಹಣ್ಣಿನ ರಸದ ಕಲೆ. ಊರಿನವರ ಬಟ್ಟೆಯನ್ನೆಲ್ಲ ಕುದಿಸುವ ದೊಡ್ಡಮ್ಮ ತನ್ನದನ್ನೇ ಮರೆತಿದ್ದಾಳೆ ಎಂದುಕೊಂಡೆ. ಬಚ್ಚಲಿಗೆ ಎಳೆದುಕೊಂಡು ಹೋಗಿ, ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡಿ, ಮೇಲೆ ಹತ್ತಿ ನಿಂತು ತುಳಿದೆ. ಹಣ್ಣಿನ ಕಲೆಯನ್ನು ಬ್ರಷ್ಷಿನಿಂದ ಉಜ್ಜಿದೆ. ಮೂರು ಸಲ ನೀರು ಬದಲಿಸಿದೆ. ತಂತಿಯ ಮೇಲೆ ಎಸೆಯಲು ಶಕ್ತಿ ಸಾಲದೆ ಕುರ್ಚಿ ಹತ್ತಬೇಕಾಯಿತು. ಸಂಜೆ ಅವಳು ಬರುವ ಹೊತ್ತಿಗೆ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತೆ. ಅಷ್ಟು ಖುಷಿ ನನಗೆ ಆಮೇಲೆ ನನ್ನ ಮದುವೆಯ ದಿನವೂ ಆಗಲಿಲ್ಲ.

"ದೊಡ್ಡಮ್ಮ, ನಿನ್ನ ಕೌದಿ ಒಗೆದುಹಾಕಿದೀನಿ. ಕಲೆಯೆಲ್ಲ ಹೋಯ್ತು!"

ಅವಳು ಅಂಗಳಕ್ಕೆ ಹೋದಳು. ನೀರು ತೊಟ್ಟಿಕ್ಕುತ್ತಿದ್ದ ಕೌದಿಗೆ ಮುಖ ಒತ್ತಿದಳು. ಒಂದು ಚೌಕ ಮೂಸಿದಳು, ಇನ್ನೊಂದು, ಮತ್ತೊಂದು. ಹೊರಳಿಸಿ ಹಿಂಬದಿ ಮೂಸಿದಳು. ಬಗ್ಗಿ ಕೆಳಗಿನ ಸಾಲು ಮೂಸಿದಳು. ಕೊನೆಗೆ ಅವಳ ಗಂಟಲಿನಿಂದ ಹೊರಬಂದ ಸದ್ದಿಗೆ ಅಜ್ಜಿ ಎದ್ದು ಬಂದಳು. ಆ ಪೆಟ್ಟಿಗೆಯಲ್ಲಿದ್ದದ್ದು ಗುಬ್ಬಿ ಕೊನೆಯ ವಾರ ತೊಟ್ಟು ಬಿಚ್ಚಿದ ಬಟ್ಟೆಗಳು, ಒಗೆಯದೆ ಹಾಗೇ ಮುಚ್ಚಿಟ್ಟವು ಎಂದು ನನಗೆ ಗೊತ್ತಾದದ್ದು ಆಗ. ಅಜ್ಜಿ ಬಾಯಿ ಬಡಿದುಕೊಂಡು ಹೇಳಿದಳು. ಹೇಳುತ್ತಲೇ ನನ್ನ ರಟ್ಟೆ ಹಿಡಿದು ಕೈ ಎತ್ತಿದಳು.

"ಹೊಡೀಬೇಡಿ ಅತ್ತೆ."

ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿಕೊಂಡಳು. ಮೊದಲ ಸಲ ನನ್ನ ಮುಖ ನೋಡಿದಳು. ನಾನು ಅಷ್ಟೊಂದು ಆಸೆಪಟ್ಟಿದ್ದ ನೋಟ, ತಡೆಯಲಾರದೆ ತಲೆ ತಗ್ಗಿಸಿದೆ.

"ನಾನೂ ಒಂದ್ಸಲ ಹೀಗೇ ಮಾಡಿದ್ದೆ" ಎಂದಳು. "ನಿನ್ನಷ್ಟೇ ಇದ್ದೆ. ಅಪ್ಪ ಸತ್ತ ಕರುವಿನ ತೊಗಲು ಸುಲಿದುಕೊಟ್ಟು, ತಬ್ಬಲಿಗೆ ಕಟ್ಟು ಅಂದ. ರಕ್ತ, ಸಗಣಿ ಎಲ್ಲ ಮೆತ್ತಿತ್ತು. ಆ ತಬ್ಬಲಿ ಎಷ್ಟು ಚೆಂದ ಇತ್ತು ಗೊತ್ತಾ? ಈ ಹೊಲಸನ್ನ ಇದು ಹೇಗೆ ಹೊದ್ಕೊಳ್ಳುತ್ತೆ, ಪಾಪ, ಅನ್ನಿಸ್ತು. ತೊಟ್ಟಿ ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಆಮೇಲೆ ತಬ್ಬಲಿಗೆ ಕಟ್ಟಿ, ಹಸುವಿನ ಮುಂದೆ ಬಿಟ್ಟೆ."

"ಹಸು ಏನು ಮಾಡ್ತು?"

"ಮೂಸ್ತು. ಇನ್ನೊಂದ್ಸಲ ಮೂಸ್ತು."

"ಆಮೇಲೆ?"

"ಒದ್ದು ಸಾಯಿಸ್ತು."

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವಳು ಎದ್ದು ಉರಿ ಸಣ್ಣ ಮಾಡಿ ಬಂದು ಮತ್ತೆ ಕೂತಳು. ನಾನು ಕೇಳಿದೆ.

"ನೀನೂ ಒದೀತೀಯಾ ದೊಡ್ಡಮ್ಮ?"

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ದೊಡ್ಡವರು ಅಂಥದ್ದಕ್ಕೆಲ್ಲ ಇಲ್ಲ ಎಂದೇ ಹೇಳುವುದು.

"ಗೊತ್ತಿಲ್ಲ ಮಗು" ಎಂದಳು. "ನನಗೇ ಗೊತ್ತಾಗ್ತಿಲ್ಲ."

ತಟ್ಟೆ ಇಟ್ಟು ಬಡಿಸಿದಳು. ನಾನು ಒಂದೊಂದು ತುತ್ತನ್ನೂ ಅವಳ ಕಾಲುಗಳನ್ನೇ ನೋಡುತ್ತ ನುಂಗಿದೆ. ಎದುರಿಗೆ ಚಾಚಿದ್ದ, ಹಿಮ್ಮಡಿ ಒಡೆದ ಎರಡು ಕಾಲು. ನಾನು ಎಲ್ಲಿ ನೋಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ಕಾಲು ಮಡಚಿ, ತನ್ನ ಮೈಯ ಕೆಳಗೆ ಸೇರಿಸಿ, ನಾನು ಉಂಡು ಮುಗಿಸುವವರೆಗೂ ಅವುಗಳ ಮೇಲೆಯೇ ಕೂತಿದ್ದಳು.