ವೊಂಬ್ಯಾಟ್ ಎನಿಡ್
ಟಾಸ್ಮೇನಿಯದ ಆ ಹೆದ್ದಾರಿಯಲ್ಲಿ ಹಸಿರು ವ್ಯಾನೊಂದು ಗಕ್ಕನೆ ನಿಂತರೆ ಅದು ಎನಿಡ್‌ಳದೇ ಎಂದು ಊರಿಗೆಲ್ಲ ಗೊತ್ತು. ಲಾರಿಗೆ ಸಿಕ್ಕಿ ಸತ್ತ, ಕರಡಿಮರಿಯಂಥ ವೊಂಬ್ಯಾಟಿನ ಹೊಟ್ಟೆಚೀಲಕ್ಕೆ ಕೈ ಹಾಕಿ, ಒಳಗೆ ಮರಿ ಉಳಿದಿದೆಯೇ ಎಂದು ನೋಡದೆ ಅವಳು ಮುಂದೆ ಹೋಗುವವಳಲ್ಲ. ನೋಡಿಯಾದ ಮೇಲೆ, ಹಿಂದೆ ಬರುವವರು ಸುಮ್ಮನೆ ನಿಲ್ಲದಿರಲಿ ಎಂದು ಹೆಣದ ಮೇಲೆ ಗುಲಾಬಿ ಬಣ್ಣದ ಗೆರೆ ಎಳೆಯುತ್ತಾಳೆ. ಸಿಕ್ಕಿದ ಮರಿ ಅವಳ ಸ್ವೆಟರಿನೊಳಗಿನ ಜೋಳಿಗೆಯಲ್ಲಿ ಬೆಳೆಯುತ್ತದೆ, ಚರ್ಚಿಗೂ ಬರುತ್ತದೆ, ಪಾದ್ರಿಯ ಪ್ರಸಂಗದ ನಡುವೆಯೇ ಲೊಚಲೊಚನೆ ಬಾಟಲಿ ಹಾಲು ಕುಡಿಯುತ್ತದೆ. ಆದರೆ ಮರಿ ಹುಲ್ಲು ಕಡಿಯಲು ಕಲಿತಿತೋ, ಎನಿಡ್ ಅಪ್ಪಟ ಮಲತಾಯಿಯಾಗುತ್ತಾಳೆ: ಮುದ್ದಿಲ್ಲ, ಮಾತಿಲ್ಲ, ಹೆಸರಂತೂ ಮೊದಲೇ ಇಲ್ಲ. ಉತ್ತರದ ಮಳೆಕಾಡಿನಲ್ಲಿರುವ ಅವಳ ತಮ್ಮನು ಫೋನಿನಲ್ಲಿ, "ನಮ್ಮ ಕ್ಯಾಸೊವರಿ ಹಕ್ಕಿ ಒಂದ್ಸಲ ಒದ್ರೆ ಕರುಳೇ ಆಚೆ ಬರುತ್ತೆ ಕಣೇ ಅಕ್ಕಾ," ಎಂದು ಜಂಬ ಕೊಚ್ಚಿದರೆ, "ಪುಣ್ಯವಂತ ಹಕ್ಕಿ ಬಿಡೋ," ಎನ್ನುತ್ತಾಳೆ. ಅವಳು ಸಾಕಿದ ಮೊಟ್ಟಮೊದಲ ಮರಿಗೆ ರೋಸಿ ಎಂದು ಹೆಸರಿತ್ತು, ಮಲಗಲು ಅವಳ ಮಡಿಲಿತ್ತು. ಕಾಡಿಗೆ ಬಿಟ್ಟ ನಾಲ್ಕನೆಯ ದಿನ ಅದು ಬಂದೂಕು ಹಿಡಿದು ಬಂದವನೊಬ್ಬನ ಕಾಲ ಬಳಿಗೆ ಹಾಲಿನಾಸೆಗೆ ತಾನಾಗಿಯೇ ಓಡಿಹೋಗಿತ್ತು. ಮೊನ್ನೆ ಆಸ್ಪತ್ರೆಯಲ್ಲಿ ನರ್ಸ್ ಲೀಆನ್ ಅವಳ ಮೀನಖಂಡದ ಗಾಯ ತೊಳೆಯುತ್ತ, "ಏನ್ ಎನಿಡ್ ಆಂಟಿ, ಹಾಲು ಕುಡಿಸಿ ಸಾಕಿದ್ದೇ ಹೀಗೆ ಕಚ್ಚಿಬಿಡ್ತಾ?" ಎಂದಳು. "ಅದಿರ್ಲಿ, ಎಷ್ಟು ಆಳ ಹೋಗಿದೆ ಹೇಳು." "ಏಳು ಹೊಲಿಗೆ ಬೀಳುತ್ತೆ." ಎನಿಡ್ ನೆಮ್ಮದಿಯಿಂದ ದಿಂಬಿಗೊರಗಿದಳು. "ಹಾಗಾದ್ರೆ ನಾಳೆ ಕಾಡಿನ ಕಡೆ ಗೇಟು ತೆಗೀಬಹುದು."