ಆಣೆಕಲ್ಲಿನ ಮಳೆಯಲ್ಲಿ ನಾನು ತೆಗೆಯದ ಬಾಗಿಲು

ನಮ್ಮದು ಮಳೆಯ ಹುಚ್ಚಿನವರ ಒಂದು ಗುಂಪು. ಹಾನಗಲ್ಲಿನಲ್ಲಿ ನಾನು, ಶಿಗ್ಗಾವಿಯಲ್ಲಿ ಔಷಧಿ ಅಂಗಡಿಯವರೊಬ್ಬರು, ಸವಣೂರಿನಲ್ಲಿ ನಿವೃತ್ತ ಪೋಸ್ಟ್ ಮಾಸ್ತರರು, ಹಿರೇಕೆರೂರು ಕಡೆಯ ಹಳ್ಳಿಯಿಂದ ಒಬ್ಬ ರೈತರು, ಇನ್ನೂ ಏಳೆಂಟು ಮಂದಿ. ಮಾಳಿಗೆಯ ಮೇಲೆ ಮಳೆಮಾಪಕ ಇಟ್ಟುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ನಿನ್ನೆ ಎಷ್ಟು ಬಿತ್ತು ಎಂದು ವಾಟ್ಸಾಪಿನಲ್ಲಿ ಹಾಕುವುದು ನಮ್ಮ ಚಟ. ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮೊದಲು, ಯಾರಾದರೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತೇವೆ. ಊಟವಾದ ಮೇಲೆ ಮಾತು ಎಲ್ಲಿಂದ ಹೊರಟರೂ ಕೆಲವು ವರ್ಷಗಳ ಹಿಂದಿನ ಆ ಆಣೆಕಲ್ಲಿನ ಮಳೆಗೇ ಬಂದು ನಿಲ್ಲುತ್ತದೆ.

ಔಷಧಿ ಅಂಗಡಿಯವರು ಅವತ್ತು ಬೈಕಿನ ಮೇಲೆ ಬಂಕಾಪುರದ ಹತ್ತಿರ ಇದ್ದರಂತೆ. ಹೆದ್ದಾರಿಯ ಸೇತುವೆ ಕೆಳಗೆ ನಿಂತು ನೋಡಿದ್ದು, ಡಾಂಬರು ರಸ್ತೆ ಕಾಣದ ಹಾಗೆ ಬೆಳ್ಳಗಾಗಿದ್ದು, ಹುಣಸೆಮರದ ಬುಡದಲ್ಲಿ ಗಿಳಿಗಳು ಸತ್ತು ಬಿದ್ದಿದ್ದು, ಎಲ್ಲವನ್ನೂ ಪ್ರತಿ ವರ್ಷ ಅದೇ ಕ್ರಮದಲ್ಲಿ ಹೇಳುತ್ತಾರೆ. ಪೋಸ್ಟ್ ಮಾಸ್ತರರಿಗೆ ಬೇರೆಯದೇ ಕೊರಗು. ಸವಣೂರಿಗೆ ತಣ್ಣನೆ ಗಾಳಿ ಬಂತೇ ಹೊರತು ಒಂದು ಕಲ್ಲೂ ಬೀಳಲಿಲ್ಲ. ಜನ್ಮದಲ್ಲಿ ಒಮ್ಮೆ ನೋಡುವಂಥದ್ದು ತಪ್ಪಿಹೋಯಿತು ಎಂದು ಈಗಲೂ ಹಳಹಳಿಸುತ್ತಾರೆ. ಕೊನೆಗೆ ಯಾರಾದರೂ ನನ್ನ ಕಡೆ ತಿರುಗಿ, ನಿಮ್ಮ ವಿಡಿಯೊ ತೋರಿಸಿ ಎನ್ನುತ್ತಿದ್ದರು. ನಾನು ಐದು ವರ್ಷ ತೋರಿಸಿದೆ.

ಆ ವಿಡಿಯೊ ನಾಲ್ಕು ನಿಮಿಷದ್ದು. ಅದರಲ್ಲಿ ಸದ್ದಿಲ್ಲ. ಯಾಕೆ ಎಂದು ಕೇಳಿದವರಿಗೆ, ಫೋನಿನ ಮೈಕ್ ಕೆಟ್ಟಿತ್ತು ಎಂದು ಹೇಳುತ್ತಿದ್ದೆ. ಮೈಕ್ ಕೆಟ್ಟಿರಲಿಲ್ಲ. ಸದ್ದನ್ನು ನಾನೇ ತೆಗೆದಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಟ್ಟಿದ್ದು ಪಂಚಾಂಗದ ಮನೆಯಲ್ಲಿ. ಅಶ್ವಿನಿ ಮಳೆ ಹೇಗೆ, ಭರಣಿ ಮಳೆ ಹೇಗೆ ಎಂದು ಅಪ್ಪ ಮತ್ತು ಕಾಕಾ ತಾಸುಗಟ್ಟಲೆ ವಾದ ಮಾಡುವುದನ್ನು ಕೇಳುತ್ತಾ ಬೆಳೆದವಳು. ಅಳತೆ ಇಲ್ಲದ ಮಾತನ್ನು ನಂಬಬಾರದು ಎಂಬ ಹಟ ನನಗೆ ಅಲ್ಲಿಯೇ ಹುಟ್ಟಿರಬೇಕು. ಗುಂಪು ಕಟ್ಟಿದವಳೂ ನಾನೇ, ಅದರ ಅಡ್ಮಿನ್ ಕೂಡ ನಾನೇ. ಹಿರೇಕೆರೂರು ಕಡೆಯ ರೈತರು ನಮ್ಮನ್ನು ಸೇರಿದಾಗ ನನಗೆ ಸ್ವಲ್ಪ ಕಿರಿಕಿರಿಯೇ ಆಯಿತು. ಅವರಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಗೋವಿನಜೋಳದ ಹೊಲದಲ್ಲಿ ನಿಂತು ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಇರುವೆ ಮೊಟ್ಟೆ ಹೊತ್ತುಕೊಂಡು ಮೇಲಕ್ಕೆ ಹೊರಟಿವೆ, ಮೋಡದ ಹೊಟ್ಟೆ ಹಸಿರಾಗಿದೆ, ಗಾಳಿ ತಿರುಗಿದೆ. ಒಂದರಲ್ಲೂ ಅಂಕಿ ಇಲ್ಲ. ಒಂದು ದಿನ ನಾನು ಗುಂಪಿನಲ್ಲಿ, ಇದು ಹವಾಮಾನದ ಗುಂಪು, ಕಟ್ಟೆಯ ಮೇಲಿನ ಹರಟೆಯಲ್ಲ, ಇನ್ನು ಮುಂದೆ ವಾಯ್ಸ್ ಮೆಸೇಜ್ ಬೇಡ ಎಂದು ಬರೆದೆ. ಬರೆದು ಒಂದು ನಗುವ ಮುಖವನ್ನೂ ಹಚ್ಚಿದೆ. ಮೂರ್ನಾಲ್ಕು ಮಂದಿ ತಾವೂ ನಕ್ಕರು. ಆ ರೈತರು ಯಾರ ಕೈಯಿಂದಲೋ ಬರೆಸಿದ ಹಾಗೆ ಒಂದೇ ಶಬ್ದ ಹಾಕಿದರು: ತಪ್ಪಾತ್ರಿ.

ಆಣೆಕಲ್ಲು ಬಿದ್ದದ್ದು ಭರಣಿ ಮಳೆಯ ದಿನಗಳಲ್ಲಿ. ಶಾಲೆಗೆ ಬೇಸಿಗೆ ರಜೆ, ನನ್ನ ಯಜಮಾನರು ಹಾವೇರಿಯ ಕಚೇರಿಗೆ ಹೋಗಿದ್ದರು. ಬಾಜೂ ಮನೆಯವರು ಒಕ್ಕಲುತನದವರು. ಮಗ, ಸೊಸೆ ಬೆಳಿಗ್ಗೆ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ಅವ್ವ ಒಬ್ಬರೇ. ಅರವತ್ತು ದಾಟಿದ್ದರೂ ಗಟ್ಟಿ ಆಳು. ಬೇಸಿಗೆ ಬಂತೆಂದರೆ ಕೈಯಿಂದ ಶಾವಿಗೆ ಎಳೆಯುತ್ತಿದ್ದರು. ಎಳೆ ಎಷ್ಟು ಸಣ್ಣ ಬರುತ್ತಿತ್ತೆಂದರೆ ಓಣಿಯ ಮದುವೆ ಮನೆಗಳವರೆಲ್ಲ ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಅವತ್ತು ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು, ಇವತ್ತು ಮಳೆ ಏನಾದರೂ ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ನಾನು ಫೋನಿನಲ್ಲಿ ಅದೂ ಇದೂ ನೋಡಿ, ಏನೂ ಇಲ್ಲ, ಧೈರ್ಯವಾಗಿ ಹಾಕಿರಿ ಎಂದೆ. ಅವರು ಎರಡು ಹಗ್ಗದ ಹೊರಸಿನ ತುಂಬ ಶಾವಿಗೆ ಹರವಿ ಕೆಳಗೆ ಹೋದರು.

ಮಧ್ಯಾಹ್ನ ಊಟ ಮಾಡುವಾಗ ಆ ರೈತರಿಂದ ನನಗೊಬ್ಬಳಿಗೇ ಮೂರು ವಾಯ್ಸ್ ಮೆಸೇಜ್ ಬಂದವು. ತೆರೆಯಲಿಲ್ಲ. ಗುಂಪಿನಲ್ಲಿ ಬೇಡ ಎಂದರೆ ಈಗ ನನಗೇ ಶುರು ಮಾಡಿದರಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಫೋನ್ ಮಾಡಿದರು. ಕಟ್ ಮಾಡಿದೆ. ಮತ್ತೆ ಮಾಡಿದರು, ಮತ್ತೆ ಕಟ್ ಮಾಡಿದೆ.

ಮೂರು ಗಂಟೆಯ ಹೊತ್ತಿಗೆ ತಿಳವಳ್ಳಿಯ ದಿಕ್ಕಿನಲ್ಲಿ ಕಪ್ಪಾಯಿತು. ಬರಿಯ ಕಪ್ಪಲ್ಲ, ಒಳಗೆ ಒಂದು ಕೊಳೆತ ಹಸಿರು. ನಾನು ಫೋನ್ ಹಿಡಿದುಕೊಂಡು ಮೇಲಕ್ಕೆ ಓಡಿದೆ. ನಮ್ಮ ಮೆಟ್ಟಿಲು ಮನೆಯ ಒಳಗಿನಿಂದಲೇ ಹೋಗಿ ಮಾಳಿಗೆಯ ಮೇಲಿನ ಸಣ್ಣ ಖೋಲಿಗೆ ಮುಟ್ಟುತ್ತದೆ. ಅದಕ್ಕೆ ತಗಡಿನ ಬಾಗಿಲು, ಬಾಗಿಲ ಪಕ್ಕ ಗಾಜಿನ ಕಿಟಕಿ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು, ಚಿಲಕ ಹಾಕಿ ಕಿಟಕಿಯಲ್ಲಿ ನಿಂತೆ. ನಮ್ಮ ಮಾಳಿಗೆಗೂ ಅವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆ ಅಷ್ಟೇ.

ಮೊದಲು ನಾಲ್ಕಾರು ಕಲ್ಲು ಟಪಟಪ ಬಿದ್ದವು. ನಾನು ವಿಡಿಯೊ ಶುರು ಮಾಡಿದೆ. ಅಷ್ಟರಲ್ಲಿ ಅವ್ವ ತಮ್ಮ ಹೊರಗಿನ ಪಾವಟಿಗೆ ಹತ್ತಿ ಬಂದರು. ಶಾವಿಗೆಯ ಮೇಲೆ ಚಾದರ ಎಳೆದರು, ಒಂದು ಹೊರಸನ್ನು ದರದರ ಎಳೆಯಲು ನೋಡಿದರು. ಆಗಲೇ ಸುರಿಯಲು ಹತ್ತಿದ್ದು. ಚಿಕ್ಕವು ಗಜ್ಜುಗದಷ್ಟು, ದೊಡ್ಡವು ನಿಂಬೆಹಣ್ಣಿನಷ್ಟು, ಬಿದ್ದು ಮತ್ತೆ ಸೊಂಟದೆತ್ತರಕ್ಕೆ ಪುಟಿಯುತ್ತಿದ್ದವು. ಅವ್ವ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಡುಗೋಡೆ ದಾಟಿ ನಮ್ಮ ಬಾಗಿಲಿಗೆ ಬಂದರು. ತಗಡನ್ನು ಬಡಿದರು.

"ಅಕ್ಕಾರ, ಬಾಗಲಾ ತಗೀರಿ."

ಆ ಚಿಲಕ ಬಿಗಿ. ತೆಗೆಯಲು ಎರಡೂ ಕೈ ಬೇಕು. ಅಂದರೆ ಫೋನ್ ಕೆಳಗಿಡಬೇಕು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಇನ್ನೊಂದು ನಿಮಿಷ, ಈಗ ಬೀಳುತ್ತಿರುವುದೇ ಎಲ್ಲಕ್ಕೂ ದೊಡ್ಡವು, ಇಂಥದ್ದು ಮತ್ತೆ ಸಿಗುವುದಿಲ್ಲ. ಇಷ್ಟೇ ಇತ್ತು. ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ವಿಡಿಯೊದಲ್ಲಿ ಅವರ ದನಿ ನಾಲ್ಕು ಸಲ ಸ್ಪಷ್ಟವಾಗಿತ್ತು. ಮೂರನೆಯ ಸಲದ ಮೇಲೆ ನನ್ನದೇ ದನಿ ಇತ್ತು, ಮೆಲ್ಲಗೆ, ಸಿಟ್ಟಿನಲ್ಲಿ: "ತಡೀರಿ."

ಅವರು ತಡೆಯಲಿಲ್ಲ. ಎಷ್ಟೆಂದು ತಡೆದಾರು? ತಿರುಗಿ ನಡುಗೋಡೆ ದಾಟಿ ತಮ್ಮ ಪಾವಟಿಗೆಯ ಕಡೆ ಹೋದರು. ಮೇಲಿನ ಮೆಟ್ಟಿಲುಗಳ ಮೇಲೆ ಕಲ್ಲು ತುಂಬಿದ್ದವು. ಅವರು ಚೌಕಟ್ಟಿನಿಂದ ಆಚೆ ಹೋದ ಮೇಲೂ ನಾನು ಆಕಾಶ ಹಿಡಿಯುತ್ತಿದ್ದೆ.

ಸದ್ದು ಕಡಿಮೆಯಾದಾಗ ಕೆಳಗೆ ಯಾರೋ ನರಳುವುದು ಕೇಳಿತು. ನಾನು ಮೊದಲು ಒಂದು ಬುಟ್ಟಿಯಲ್ಲಿ ದೊಡ್ಡ ಕಲ್ಲುಗಳನ್ನು ಆರಿಸಿ, ಫ್ರಿಜ್ಜಿನಲ್ಲಿಟ್ಟು, ಆಮೇಲೆ ಛತ್ರಿ ಹಿಡಿದುಕೊಂಡು ಅವರ ಅಂಗಳಕ್ಕೆ ಹೋದೆ. ಅವ್ವ ಪಾವಟಿಗೆಯ ಬುಡದಲ್ಲಿ ಕುಳಿತಿದ್ದರು. ನೆತ್ತಿಯಿಂದ ರಕ್ತ ಕೆನ್ನೆಗೆ ಇಳಿದಿತ್ತು. ಬಲಗೈ ಮಣಿಕಟ್ಟಿನಲ್ಲಿ ತಿರುಗಿಹೋಗಿತ್ತು. ನಾನು ಏನು ಅಂದೆ ಗೊತ್ತೇ?

"ಅಯ್ಯ, ಏನಾತ್ರಿ? ಯಾವಾಗ ಬಿದ್ರಿ?"

ಅವರು ನನ್ನ ಮುಖವನ್ನೇ ನೋಡಿದರು. ಬಿದ್ದೆ ಎಂದಷ್ಟೇ ಹೇಳಿದರು.

ಆಟೋ ಕರೆಸಿದೆ, ದವಾಖಾನೆಗೆ ಕರೆದುಕೊಂಡು ಹೋದೆ, ಮಗ ಸೊಸೆ ಬರುವ ತನಕ ಜೊತೆಗೇ ಇದ್ದೆ. ಓಣಿಯವರು ನನ್ನನ್ನು ಹೊಗಳಿದರು. ಸಂಜೆ ಮನೆಗೆ ಬಂದು ಫ್ರಿಜ್ಜಿನ ಕಲ್ಲುಗಳನ್ನು ಸ್ಕೇಲಿನ ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ವಿಡಿಯೊ ಹಚ್ಚಿ ನೋಡಿದಾಗ ಆ ದನಿ ಬಂತು. ಬಾಗಿಲು ಮುಚ್ಚಿ ಮತ್ತೊಮ್ಮೆ ಕೇಳಿದೆ. ಅವ್ವ ಬರುವಾಗ, ತಿರುಗಿ ಹೋಗುವಾಗ ಕಾಣುವ ಭಾಗಗಳನ್ನು ಕತ್ತರಿಸಿ, ಉಳಿದದ್ದರ ಸದ್ದು ತೆಗೆದು ಗುಂಪಿಗೆ ಹಾಕಿದೆ. ಬಾಗಿಲು ಬಡಿಯುವಾಗ ಅವರು ಕಿಟಕಿಯ ಮಗ್ಗುಲಿಗಿದ್ದರು, ಚಿತ್ರದಲ್ಲಿ ಬಿದ್ದಿರಲಿಲ್ಲ. ಸದ್ದು ಹೋದರೆ ಅವರು ಅಲ್ಲಿ ಇರಲೇ ಇಲ್ಲ ಎಂಬಂತಾಯಿತು. ಒಂದೇ ದಿನದಲ್ಲಿ ಆ ವಿಡಿಯೊ ಗುರುತಿಲ್ಲದವರ ಫೋನುಗಳಿಗೂ ಹೋಯಿತು. ನನ್ನ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ ಶಾಭಾಸ್ ಎಂದರು.

ರೈತರ ಮೆಸೇಜುಗಳನ್ನು ನಾನು ಕೇಳಿದ್ದು ಮೂರು ದಿನದ ಮೇಲೆ. ಮೊದಲನೆಯದರಲ್ಲಿ ಹಿಂದೆ ಕಲ್ಲು ಬೀಳುವ ಸದ್ದಿತ್ತು. "ಅಕ್ಕಾರ, ಇಲ್ಲೆ ನಿಂಬಿಹಣ್ಣಿನಷ್ಟ ಆಣಿಕಲ್ಲ ಬೀಳಾಕತ್ತಾವ್ರಿ. ಮ್ವಾಡ ತಿಳವಳ್ಳಿ ಕಡೆ ಸರದೈತಿ, ಅಲ್ಲಿಂದ ನಿಮ್ಮ ಕಡೇನ ಬರ್ತೈತಿ. ಹೊರಗಿದ್ದ ಮಂದೀನ ಒಳಗ ಕರೀರಿ." ಉಳಿದೆರಡರಲ್ಲೂ ಅದೇ ಮಾತು, ಸ್ವಲ್ಪ ಹೆಚ್ಚು ಅವಸರದಲ್ಲಿ. ತಾಸಿಗಿಂತ ಹೆಚ್ಚು ವೇಳೆ ಇತ್ತು. ಶಾವಿಗೆಯನ್ನು ನಾವಿಬ್ಬರೂ ಕೂಡಿ ನಿಧಾನವಾಗಿ ಒಳಗಿಡಬಹುದಿತ್ತು.

ಅವ್ವನ ಕೈ ಕೂಡಿತು, ಆದರೆ ಸೊಟ್ಟ ಕೂಡಿತು. ಮರುವರ್ಷ ಶಾವಿಗೆ ಎಳೆಯಲು ಕುಳಿತು, ಅರ್ಧಕ್ಕೇ ಹಿಟ್ಟನ್ನು ಸೊಸೆಯ ಕೈಗೆ ಕೊಟ್ಟು ಎದ್ದರು. ನಾನು ನಮ್ಮ ಮಾಳಿಗೆಯಿಂದ ನೋಡಿದೆ. ನೋಡಿ ಒಳಗೆ ಬಂದೆ. ಹಬ್ಬ ಹರಿದಿನಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದೆ, ದವಾಖಾನೆಗೆ ಹೋಗುವುದಿದ್ದರೆ ಜೊತೆಗೆ ಹೋಗುತ್ತಿದ್ದೆ. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ.

ಐದನೆಯ ವರ್ಷದ ಕೂಟ ಸವಣೂರಿನಲ್ಲಿ ಪೋಸ್ಟ್ ಮಾಸ್ತರರ ಮನೆಯಲ್ಲಿ ಆಯಿತು. ಆ ರೈತರು ಅದೇ ಮೊದಲ ಸಲ ಬಂದಿದ್ದರು. ನನ್ನ ವಿಡಿಯೊ ಎಲ್ಲರೂ ನೋಡಿದ ಮೇಲೆ ಅವರ ಸರದಿ ಬಂತು. ಅವತ್ತು ತಮ್ಮ ಎತ್ತು ಬಯಲಿನಲ್ಲಿ ಕಟ್ಟಿದ್ದು, ಬಿಚ್ಚಲು ಓಡುವಷ್ಟರಲ್ಲಿ ಅದರ ಒಂದು ಕಣ್ಣು ಹೋದದ್ದು ಹೇಳಿದರು. ಬೇರೆಯವರಿಗೆ ಹೀಗಾಗಬಾರದು ಎಂದು ತಿಳವಳ್ಳಿಯ ಬೀಗರಿಗೆ ಫೋನ್ ಮಾಡಿದರಂತೆ, ಅವರು ಕುರಿಗಳನ್ನು ಒಳಗೆ ಹೊಡೆದುಕೊಂಡರಂತೆ. ನನಗೂ ಮಾಡಿದ್ದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಅಕ್ಕಾರು ಕ್ಲಾಸಿನಲ್ಲಿ ಇದ್ದರೇನೋ ಎಂದರು. ಬೇಸಿಗೆ ರಜೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಸಂಜೆಯ ಬಸ್ಸಿಗೆ ಹಾನಗಲ್ಲಿಗೆ ಬಂದೆ.

ಮರುದಿನ ಬೆಳಿಗ್ಗೆ ಅವ್ವನ ಹತ್ತಿರ ಹೋದೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಅವತ್ತು ನನಗೆ ಕೇಳಿಸಿತ್ತು, ಬೇಕೆಂದೇ ಬಾಗಿಲು ತೆಗೆಯಲಿಲ್ಲ ಎಂದು ಹೇಳಿದೆ. ಹೇಳುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ನನಗ ಗೊತ್ತೈತ್ರಿ. ಕಿಡಕ್ಯಾಗ ನೀವು ಫೋನ್ ಹಿಡಕೊಂಡ ನಿಂತಿದ್ದ ನೋಡೇನಿ." ಅಕ್ಕಿಯಿಂದ ಒಂದು ಹರಳು ಆರಿಸಿ ಎಸೆದು ಮತ್ತೆ ಹೇಳಿದರು. "ನೀವಾಗೇ ಹೇಳ್ತೀರೇನಂತ ಒಂದ ವರ್ಷ ನೋಡಿದೆ. ಆಮ್ಯಾಲ ಬಿಟ್ಟಬಿಟ್ಟೆ."

ಸದ್ದು ಇರುವ ವಿಡಿಯೊ ನನ್ನ ಹತ್ತಿರ ಹಾಗೇ ಇದೆ, ಅದನ್ನು ಗುಂಪಿನವರಿಗೆಲ್ಲ ಕೇಳಿಸುತ್ತೇನೆ ಎಂದೆ. ಅದರಿಂದ ನನ್ನ ಮನಸ್ಸು ಹಗುರಾದೀತು ಎಂಬ ಆಸೆ ನನ್ನದು. ಅದು ಅವರಿಗೆ ನನಗಿಂತ ಮೊದಲೇ ಗೊತ್ತಾಯಿತು.

"ನಾ ಒದರಿದ್ದು ಮಂದಿಗೆ ಯಾಕ ಕೇಳಸ್ತೀರಿ? ಬ್ಯಾಡ್ರಿ. ಹೇಳೂದಿದ್ರ ನಿಮ್ಮ ಬಾಯಿಲೇ ಹೇಳ್ರಿ."

ಮುಂದಿನ ಕೂಟ ನಮ್ಮ ಮನೆಯಲ್ಲೇ ಆಯಿತು. ಊಟವಾದ ಮೇಲೆ ವಿಡಿಯೊ ಕೇಳಿದರು. ಅದನ್ನು ಅಳಿಸಿದ್ದೇನೆ ಎಂದು ಹೇಳಿ, ಮೆಸೇಜು ಕೇಳದೇ ಇದ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ರೈತರ ಕ್ಷಮೆಯನ್ನೂ ಕೇಳಿದೆ. ಔಷಧಿ ಅಂಗಡಿಯವರು ಕೈಯಲ್ಲಿದ್ದ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. ಪೋಸ್ಟ್ ಮಾಸ್ತರರು, ಆ ಗಾಬರಿಯಲ್ಲಿ ಯಾರಿಗಾದರೂ ಹಾಗೆ ಆಗುತ್ತದೆ ಎಂದು ಸಮಾಧಾನ ಮಾಡಲು ನೋಡಿದರು. ನನಗೆ ಗಾಬರಿಯಾಗಿರಲಿಲ್ಲ, ಖುಷಿಯಾಗಿತ್ತು ಎಂದೆ.

"ಆ ಅವ್ವಾರ ಕೈ ಈಗ ಹೆಂಗೈತ್ರಿ?" ಎಂದು ರೈತರು ಕೇಳಿದರು.

ಬಾಜೂ ಮನೆಯಲ್ಲೇ ಇದ್ದಾರೆ ಎಂದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಹಿಂದೆ ಹೋದೆ. ಅವ್ವ ಚಾಪೆ ಹಾಸಿ ಕೂಡ್ರಿಸಿದರು. ಎತ್ತಿನ ಸುದ್ದಿ ಕೇಳಿದಾಗ ಲೊಚಗುಟ್ಟಿದರು, ಈಗ ಅದು ಹೊಲದಲ್ಲಿ ಗಳೆ ಹೊಡೆಯಲು ಬರುತ್ತದೆಯೇ ಎಂದು ಕೇಳಿದರು. ಕಣ್ಣಿಲ್ಲದ ಕಡೆ ಇನ್ನೊಂದು ಎತ್ತು ಕಟ್ಟಿದರೆ ನಡೆಯುತ್ತದೆ ಎಂದರು ರೈತರು. ತಮ್ಮ ಕೈ ಚಾಚಿ ತೋರಿಸಿದರು ಅವ್ವ. ಅವತ್ತಿನ ಕಲ್ಲು ಮೈಗೆ ಬಿದ್ದರೆ ಮೊದಲು ನೋವಲ್ಲ, ಉರಿ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಹೌದೆಂದರು. ಎಷ್ಟೋ ಸಲ ಆ ಮಳೆಯ ಕಥೆ ಹೇಳಿದ ನನಗೆ ಇದು ಗೊತ್ತಿರಲಿಲ್ಲ.

ಸೊಸೆ ಚಹಾ ತಂದಳು. ನನಗೂ ಒಂದು ಕಪ್ಪು ಕೊಟ್ಟಳು. ಬಾಗಿಲ ಹತ್ತಿರ ಕುಳಿತು ಕುಡಿದೆ. ಹಿರೇಕೆರೂರಿನ ಬಸ್ಸಿಗೆ ಹೊತ್ತಾಯಿತೆಂದು ರೈತರು ಎದ್ದಾಗ, ಈ ಕಡೆ ಬಂದರೆ ಬಂದು ಹೋಗಿರಿ ಎಂದು ಅವ್ವ ಅವರಿಗೆ ಹೇಳಿದರು. ನನಗೆ ಏನೂ ಹೇಳಲಿಲ್ಲ. ನಾನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗಿಟ್ಟು ನಮ್ಮ ಮನೆಗೆ ಬಂದೆ.