ಎರಡನೇ ಸಹಿ

ಇಪ್ಪತ್ತೈದು ವರ್ಷ ಹೆಂಗಸರ ಕೂದಲು ಕತ್ತರಿಸಿಯೇ ಬದುಕಿದವಳು ಅವಳು. ಎರಡೇ ಕುರ್ಚಿಯ ಅಂಗಡಿ. ಸದಾ ಸೆಟೆದು ನಿಲ್ಲುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ‘ಮೇಜರ್’ ಆಗಿದ್ದಳು. ಆ ಸೆಟೆತ ಬೆನ್ನೊಳಗಿನ ಎರಡು ಉಕ್ಕಿನ ಸರಳುಗಳದ್ದು ಎಂಬುದು ಕೆಲವರಿಗಷ್ಟೇ ಗೊತ್ತಿತ್ತು. ಹದಿನಾಲ್ಕರಲ್ಲಿ ಅವಳ ಬೆನ್ನುಮೂಳೆ ಹಾವು ಹರಿದ ಹಾಗೆ ಪಕ್ಕಕ್ಕೆ ತಿರುಚಿಕೊಂಡಿತ್ತು. ಆಗಿನ ಡಾಕ್ಟರು ಸರಳು ಹಾಕಿ, ಮೂಳೆಗಳನ್ನು ಒಂದಕ್ಕೊಂದು ಬೆಸೆದು, “ಇನ್ನು ಈ ಕಡೆ ತಲೆ ಹಾಕಬೇಡ, ಹೋಗು” ಎಂದು ನಕ್ಕು ಕಳಿಸಿದ್ದರು.

ನಲವತ್ತೇಳಕ್ಕೆ ಮೇಜರ್ ಮುಂದಕ್ಕೆ ಬಾಗತೊಡಗಿದಳು. ಬೆಳಿಗ್ಗೆ ಹೇಗೋ ನಡೆಯುತ್ತಿತ್ತು. ಮೂರನೇ ಗಿರಾಕಿಯ ಹೊತ್ತಿಗೆ ಮೊಣಕಾಲು ಮಡಿಸದೆ ನಿಲ್ಲಲಾಗುತ್ತಿರಲಿಲ್ಲ. ಕುರ್ಚಿಯ ಬೆನ್ನಿಗೆ ಮೊಣಕೈ ಊರಿ ಕತ್ತರಿ ಆಡಿಸುತ್ತಿದ್ದಳು. ಹಳೇ ಗಿರಾಕಿಯಾದ ನಿವೃತ್ತ ಟೀಚರು ಒಮ್ಮೆ, “ಏನೇ ಮೇಜರ್, ಇಷ್ಟು ಹತ್ತಿರ ಬಂದು ಹೇನು ಹುಡುಕ್ತಿದ್ದೀಯಾ?” ಎಂದರು. ಅವಳೂ ನಕ್ಕಳು. ನಕ್ಕಿದ್ದೇ ತಡ, ಸೊಂಟದಿಂದ ಕಾಲಿಗೆ ಬೆಂಕಿ ಇಳಿದಂತಾಗಿ ಬಾಚಣಿಗೆ ಕೈಜಾರಿತು. ಅವಳಿಂದ ಎತ್ತಿಕೊಳ್ಳಲಾಗಲಿಲ್ಲ. ಎಪ್ಪತ್ತು ದಾಟಿದ ಟೀಚರೇ ಬಗ್ಗಿ ಎತ್ತಿಕೊಟ್ಟರು. ಆವತ್ತೇ ಅಂಗಡಿ ಮುಚ್ಚಿ, ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು.

ಹೊಸ ಡಾಕ್ಟರು ಇನ್ನೂ ಚಿಕ್ಕ ಪ್ರಾಯದವರು. ಎಕ್ಸ್-ರೇಯನ್ನು ಪರದೆಯ ಮೇಲೆ ತೋರಿಸಿದರು. ಒಂದು ಸರಳು ನಡುವೆ ತುಂಡಾಗಿತ್ತು. ಬೆಸುಗೆಯ ಕೆಳಗೆ ಉಳಿದಿದ್ದ ಎರಡು ಡಿಸ್ಕುಗಳು ಇಷ್ಟು ವರ್ಷದ ಭಾರವನ್ನೆಲ್ಲ ಹೊತ್ತು ಸವೆದುಹೋಗಿದ್ದವು.

“ಹಳೇ ಸರಳು ತೆಗೀಬೇಕು. ಮೂಳೆ ಕತ್ತರಿಸಿ ನೇರ ಮಾಡಿ, ಸೊಂಟದವರೆಗೂ ಬೆಸೀಬೇಕು. ಹತ್ತು ಗಂಟೆ ಹಿಡಿಯುತ್ತೆ.”

“ನೋವು ಹೋಗುತ್ತಾ ಡಾಕ್ಟ್ರೇ?”

“ಕಮ್ಮಿ ಆಗಬಹುದು, ಆಗದೇನೂ ಇರಬಹುದು. ಕಾಲಿನ ಬಲ ಹೋಗೋ ಅಪಾಯಾನೂ ಇದೆ.”

“ಮಾಡಿಸ್ದೇ ಇದ್ರೆ?”

“ಇನ್ನೂ ಬಾಗ್ತೀರಿ.”

ಅತ್ತ ದರಿ, ಇತ್ತ ಪುಲಿ. ಮನೆಗೆ ಬಂದ ಮೇಲೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಆವಾಗ ನೀನು ಬೇಡ ಬೇಡ ಅಂತ ಅತ್ತಿದ್ದೆ. ನಾನೇ ಸೈನ್ ಹಾಕ್ದೆ” ಎಂದಳು.

“ಈ ಸಲ ನಾನೇ ಹಾಕ್ತೀನಿ, ಬಿಡಮ್ಮ.”

ಸಮಾಧಾನಕ್ಕೆಂದು ಆಡಿದ ಮಾತು ಅದು. ಅಮ್ಮನಿಗೆ ಮಾತ್ರ ಅದು ದೂರಿದಂತೆ ಕೇಳಿಸಿತು. ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಹಿಂದೆಯೇ ಹೋಗಿ ಏನಾದರೂ ಹೇಳಬೇಕೆಂದು ಮಗಳಿಗೆ ಅನಿಸಿತು. ಕುರ್ಚಿಯಿಂದ ಏಳುವಷ್ಟರಲ್ಲಿ ಹೇಳಬೇಕಾದದ್ದು ಆರಿಹೋಗಿತ್ತು.

ಅವಳೇ ಸಹಿ ಹಾಕಿದಳು. ಹತ್ತು ಗಂಟೆ ಎಂದದ್ದು ಹದಿಮೂರಾಯಿತು. ಎಚ್ಚರವಾದಾಗ ಎಡಪಾದ ಮೇಲೇಳಲಿಲ್ಲ. “ನರ ಅಲ್ವಾ, ನಿಧಾನವಾಗಿ ಬಲ ಬರುತ್ತೆ” ಎಂದರು ಡಾಕ್ಟರು. ಬರಲಿಲ್ಲ. ವಾಕರ್ ಹಿಡಿಸಿ ನಿಲ್ಲಿಸಿದ ದಿನ ಬೆನ್ನು ಮಾತ್ರ ನೆಟ್ಟಗಿತ್ತು. “ನೋಡೇ, ಮತ್ತೆ ಮೇಜರ್ ಆದೆ!” ಎನ್ನುತ್ತಾ, ನೋಡಲು ಬಂದಿದ್ದ ಟೀಚರು ಕಣ್ಣೊರೆಸಿಕೊಂಡರು. ಹಳೇ ನೋವು ಇದ್ದಲ್ಲೇ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಆರು ತಿಂಗಳಿಗೆ ಅಂಗಡಿ ತೆರೆದಳು. ಕಾಲು ಗಂಟೆಯೂ ನಿಲ್ಲಲಾಗಲಿಲ್ಲ. ಕುರ್ಚಿಗಳನ್ನು ಪಕ್ಕದ ಬೀದಿಯ ಸಲೂನಿನವರು ಬಂದು ಕೊಂಡೊಯ್ದರು.

ಒಂಬತ್ತನೇ ತಿಂಗಳ ತಪಾಸಣೆಯಲ್ಲಿ ಸೊಂಟದ ಹತ್ತಿರದ ಒಂದು ಸ್ಕ್ರೂ ಸಡಿಲಾಗಿದ್ದು ಕಂಡಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಮ್ಮ, “ಏನಂದ್ರು?” ಎಂದು ಕೇಳಿದಳು.

ಅವಳು ಪಕ್ಕದಲ್ಲಿ ಕುಸಿದು ಕೂತಳು. “ಇನ್ನೊಂದು ಸಲ ತೆರೀಬೇಕಂತೆ.”

“ಮಾಡಿಸ್ತೀಯಾ?”

“ಗೊತ್ತಿಲ್ಲಮ್ಮ.”

ಬೆಂಚು ತಗ್ಗಿನದು, ಅವಳಿಗೆ ಒಬ್ಬಳೇ ಏಳಲಾಗಲಿಲ್ಲ. ಅಮ್ಮ ಎದ್ದು ಎರಡೂ ಕೈ ಕೊಟ್ಟು ಎಳೆದಳು, ಆಗಲಿಲ್ಲ. ಇನ್ನೊಮ್ಮೆ ಎಳೆದು, ಉಸಿರು ಕಟ್ಟಿ, ಪಕ್ಕದಲ್ಲೇ ಕೂತುಬಿಟ್ಟಳು. ಆ ಕಡೆ ಯಾರಾದರೂ ಬರಲಿ ಎಂದು ಇಬ್ಬರೂ ಕಾಯುತ್ತಾ ಕೂತರು.